ವಾಪಸ್ ಬಂದು 5 ತಿಂಗಳಾಯಿತು, ಇನ್ನೂ ಎಲ್ಲರೂ "ಎಷ್ಟು ದಿನ ರಜೆ?" ಅಂತಲೇ ಕೇಳುತ್ತಾರೆ

ಪೆಟ್ಟಿಗೆ ಬಿಚ್ಚದವ | ಚರ್ಚೆ ಶುರು ಮಾಡಿದವರು

ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದವಾಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

11 ವರ್ಷ ಹೊರದೇಶದಲ್ಲಿದ್ದೆ. 5 ತಿಂಗಳ ಹಿಂದೆ ಹೆಂಡತಿ ಮತ್ತು 9 ವರ್ಷದ ಮಗಳ ಜೊತೆ ವಾಪಸ್ ಬಂದೆ. ಕೆಲಸ ಹೋಗಿರಲಿಲ್ಲ, ವೀಸಾ ಮುಗಿದಿರಲಿಲ್ಲ. ಅಪ್ಪನ ಕಣ್ಣು ಮಂಜಾಗುತ್ತಿತ್ತು. ಅಮ್ಮ ಫೋನಿನಲ್ಲಿ "ನಾವು ಆರಾಮ" ಅನ್ನುತ್ತಿದ್ದರು, ಆದರೆ ಆ ಮಾತು ಬರುವ ಮೊದಲು ಒಂದು ಗಳಿಗೆ ತಡವಾಗುತ್ತಿತ್ತು. ಬರೋದಕ್ಕೆ ಅಷ್ಟೇ ಕಾರಣ.

"ವಾಪಸ್ ಬಂದುಬಿಟ್ಟೆವು" ಅಂತ ಹೇಳಿದರೆ ಜನ ಮುಖ ಮುಖ ನೋಡುತ್ತಾರೆ. ಅಲ್ಲಿ ಏನೋ ಎಡವಟ್ಟಾಗಿರಬೇಕು ಅಂತ ಅವರ ಲೆಕ್ಕ. ಅದು ಹಾಳಾಗಿ ಹೋಗಲಿ. ನನ್ನ ಕಷ್ಟ ಬೇರೆ.

ಹೊಸ ಕೆಲಸದಲ್ಲಿ ಒಂದು ಮೆಟ್ಟಿಲು ಕೆಳಗೆ ಸೇರಿದ್ದೇನೆ. ಮೇಲಿನವರು ನನಗಿಂತ 7 ವರ್ಷ ಚಿಕ್ಕವರು, ಅದಕ್ಕೇನೂ ಬೇಸರವಿಲ್ಲ. ಆದರೆ ಮೀಟಿಂಗಿನಲ್ಲಿ ಯಾವುದಕ್ಕೂ ಒಂದು ತೀರ್ಮಾನ ಆಗಲ್ಲ. "ಇದನ್ನು ಯಾರು ಮಾಡುತ್ತಾರೆ, ಯಾವ ದಿನದೊಳಗೆ?" ಅಂತ ಕೇಳಿದೆ. ಕೋಣೆ ತಣ್ಣಗಾಯಿತು. ಆಮೇಲೆ ಗೊತ್ತಾಯಿತು, ತೀರ್ಮಾನ ಹಿಂದಿನ ದಿನವೇ ಮೆಟ್ಟಿಲ ಹತ್ತಿರ ನಿಂತು ಮಾತಾಡಿ ಆಗಿತ್ತು. ನನಗೊಬ್ಬನಿಗೆ ಗೊತ್ತಿರಲಿಲ್ಲ.

ಮಗಳು ಅಜ್ಜಿಯ ಜೊತೆ ತಲೆ ಆಡಿಸಿಯೇ ಮಾತು ಮುಗಿಸುತ್ತಾಳೆ. ಒಂದು ಸಲ ಏನೋ ಹೇಳಿದ್ದಳು, ಅವಳ ಉಚ್ಚಾರಣೆ ಕೇಳಿ ಮನೆಗೆ ಬಂದವರೆಲ್ಲ ನಕ್ಕರು. ಪ್ರೀತಿಯ ನಗುವೇ. ಅವಳಿಗೆ ಅದು ಗೊತ್ತಾಗಬೇಕಲ್ಲ.

ಇನ್ನು ತಂಗಿ. ಇಷ್ಟೂ ವರ್ಷ ಅಪ್ಪ ಅಮ್ಮನನ್ನು ನೋಡಿಕೊಂಡವಳು ಅವಳು. ಮನೆ ಹತ್ತಿರವೇ ಇದ್ದಾಳೆ. ನಾನು ಬಂದರೆ ಅವಳಿಗೆ ಭಾರ ಇಳಿಯುತ್ತದೆ ಅಂದುಕೊಂಡಿದ್ದೆ. ಅಪ್ಪನ ಮಾತ್ರೆಗಳೆಲ್ಲ ಒಂದು ಹಳೇ ಗುಂಡಿ ಡಬ್ಬಿಯಲ್ಲಿ ಕಲಸಿಕೊಂಡು ಬಿದ್ದಿದ್ದವು, ಸ್ಟ್ರಿಪ್‌ಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ನಾನು ವಾರದ 7 ದಿನಕ್ಕೂ ಬೇರೆ ಬೇರೆ ಖಾನೆ ಇರುವ ಪ್ಲಾಸ್ಟಿಕ್ ಪೆಟ್ಟಿಗೆ ತಂದು ಎಲ್ಲ ಜೋಡಿಸಿದೆ. ರಬ್ಬರ್ ಬ್ಯಾಂಡ್ ಬಿಸಾಕಿದೆ. ಮೂರನೇ ದಿನ ಅಪ್ಪ ರಾತ್ರಿಯ ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಂಡರು, ಮಧ್ಯಾಹ್ನದ ತನಕ ತಲೆ ಸುತ್ತು. ಏನೂ ಅನಾಹುತ ಆಗಲಿಲ್ಲ. ತಂಗಿ ಬಂದಳು, ಪೆಟ್ಟಿಗೆ ನೋಡಿದಳು, ಒಂದು ಮಾತೂ ಆಡಲಿಲ್ಲ. ಅವತ್ತಿನಿಂದ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ. ಒಳ್ಳೇದು ಮಾಡಲು ಹೋಗಿ ಹೀಗಾಯಿತು. ನಾನು ಮಾಡಿದ್ದು ಅಷ್ಟು ದೊಡ್ಡ ತಪ್ಪಾ?

ಕೊನೆಯದು, ಸಣ್ಣ ವಿಷಯ. ಮಗಳ ಹಾಸಿಗೆ ಪಕ್ಕದ ಪ್ಲಗ್ ಗಡಿಯಾರ ಅಲ್ಲಿಂದ ತಂದೆವು. ಟ್ರಾನ್ಸ್‌ಫಾರ್ಮರ್ ಹಾಕಿದ್ದೇನೆ, ಸುಟ್ಟಿಲ್ಲ, ನಡೆಯುತ್ತಿದೆ. ಆದರೆ ಸರಿಯಾದ ಸಮಯ ತೋರಿಸುವುದಿಲ್ಲ. ರಾತ್ರಿ ಸರಿ ಮಾಡಿಟ್ಟರೆ ಬೆಳಿಗ್ಗೆಗೆ ಒಂದೂವರೆ ಗಂಟೆ ಹಿಂದೆ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಎರಡು ಸಲ ಬಂದವಳು | ಅದೇ ರಾತ್ರಿ

5 ತಿಂಗಳು ಅಂದಿರಲ್ಲ, ಸರಿಯಾದ ಹೊತ್ತಿಗೇ ಬರೆದಿದ್ದೀರಿ. ಮೊದಲ ಮೂರು ತಿಂಗಳು ನಾವು ನೆಂಟರು, ಎಲ್ಲರೂ ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆಮೇಲೆ ನೆಂಟರ ಮರ್ಯಾದೆ ಹೋಗುತ್ತದೆ, ಮನೆಯವರ ಸಲಿಗೆ ಇನ್ನೂ ಬಂದಿರುವುದಿಲ್ಲ. ಆ ನಡುವಿನ ಕಾಲ ನಿಮ್ಮದು.

ನಾನು 4 ವರ್ಷ ಇದ್ದು ಒಂದು ಸಲ ಬಂದೆ, ಮತ್ತೆ ಹೋಗಿ 8 ವರ್ಷ ಇದ್ದು ಇನ್ನೊಂದು ಸಲ ಬಂದೆ. ಎರಡನೇ ಸಲ ಬರುವಾಗ ಸಿಕ್ಕಿದ್ದೆಲ್ಲ ಓದಿಕೊಂಡಿದ್ದೆ, ಪರೀಕ್ಷೆಗೆ ಓದಿದ ಹಾಗೆ. ಲಿಸ್‌ಗಾರ್ಡ್ ಅಂತ ನಾರ್ವೆಯ ಒಬ್ಬ ಸಂಶೋಧಕ ಇದ್ದ. ಅಮೆರಿಕಕ್ಕೆ ಹೋಗಿ ಬಂದಿದ್ದ 200 ನಾರ್ವೆಯವರನ್ನು ಮಾತಾಡಿಸಿ 1955ರಲ್ಲಿ ಒಂದು ಲೇಖನ ಬರೆದ. ಹೊಸ ದೇಶದಲ್ಲಿ ಮನಸ್ಸು ಮೊದಲು ಮೇಲಿರುತ್ತದೆ, ಆಮೇಲೆ ಇಳಿಯುತ್ತದೆ, ಮತ್ತೆ ಏರುತ್ತದೆ. ಇಂಗ್ಲಿಷಿನ ಯು ಅಕ್ಷರದ ಹಾಗೆ. ಗುಲಾಹಾರ್ನ್ ಅನ್ನುವ ದಂಪತಿ 1963ರಲ್ಲಿ ಅದಕ್ಕೆ ಇನ್ನೊಂದು ಯು ಅಂಟಿಸಿದರು. ವಾಪಸ್ ಬಂದ ಮೇಲೂ ಇದೇ ಇಳಿತ, ಇದೇ ಏರು. ಒಟ್ಟು ಸೇರಿದರೆ ಡಬ್ಲ್ಯು.

ಆದರೆ ಆ ಗೆರೆಯನ್ನು ಜಾಸ್ತಿ ನಂಬಬೇಡಿ. ಮೊದಲ ಸಲ ನನಗೆ ಇಳಿತವೇ ಬರಲಿಲ್ಲ. ಎರಡನೇ ಸಲ 14ನೇ ತಿಂಗಳಲ್ಲಿ ಬಂತು. "ಇನ್ನೇನು, ಒಗ್ಗಿಕೊಂಡೆ" ಅಂತ ನಾನೇ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಾಗ. ಪುಸ್ತಕದಲ್ಲಿ ಬರೆದ ತಿಂಗಳಿಗೆ ಸರಿಯಾಗಿ ಯಾರಿಗೂ ಅಳು ಬರಲ್ಲ.

ನಿಮ್ಮ ತಂಗಿಯ ವಿಷಯಕ್ಕೆ ನಾನು ಬಾಯಿ ಹಾಕಲ್ಲ. ಅದನ್ನು ಹೇಳಬೇಕಾದವರು ಇಲ್ಲಿ ಬೇರೆ ಯಾರಾದರೂ ಇರುತ್ತಾರೆ.

ನೇರ ಮಾತು | ಅದೇ ರಾತ್ರಿ

ಇಷ್ಟು ಕಷ್ಟ ಇದ್ದರೆ ಯಾಕೆ ಬಂದಿರಿ? ವಾಪಸ್ ಹೋಗಿ. ಇಲ್ಲಿರುವವರಿಗೂ ನೆಮ್ಮದಿ.

ತಂತಿ ಮಾಮ | ಮರುದಿನ ಬೆಳಿಗ್ಗೆ

ಮೇಲಿನವರಿಗೆ ನಿದ್ದೆ ಸಾಲದು ಅಂತ ಕಾಣುತ್ತದೆ. ಬಿಡಿ. ನಾನು ಗಡಿಯಾರದ ಮಾತಾಡುತ್ತೇನೆ, ನನಗೆ ಗೊತ್ತಿರುವುದು ಅದೊಂದೇ.

ನೀವಿದ್ದ ಕಡೆ ಕರೆಂಟು 60 ಹರ್ಟ್ಜ್ ಇರಬೇಕು, ಅಂದರೆ ಸೆಕೆಂಡಿಗೆ 60 ಅಲೆ. ಇಲ್ಲಿ 50. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಜ್ ಮುಟ್ಟುವುದಿಲ್ಲ. ಆ ತರಹದ ಗಡಿಯಾರಕ್ಕೆ ಸ್ವಂತ ಲೆಕ್ಕ ಇರುವುದಿಲ್ಲ, ತಂತಿಯಲ್ಲಿ ಬರುವ ಅಲೆ ಎಣಿಸುತ್ತದೆ. 60 ಅಲೆ ಬಂದರೆ ಒಂದು ಸೆಕೆಂಡು ಅಂತ ಅದಕ್ಕೆ ಹೇಳಿಕೊಟ್ಟಿದ್ದಾರೆ. ಇಲ್ಲಿ ಸೆಕೆಂಡಿಗೆ 50 ಮಾತ್ರ ಬರುತ್ತವೆ. ಹಾಗಾಗಿ ನಮ್ಮ ಒಂದು ಗಂಟೆ ಅದಕ್ಕೆ 50 ನಿಮಿಷ. ಗಂಟೆಗೆ 10 ನಿಮಿಷ ಹಿಂದೆ. 9 ಗಂಟೆ ಮಲಗಿದರೆ 90 ನಿಮಿಷ. ನಿಮ್ಮ ಒಂದೂವರೆ ಗಂಟೆ ಸರಿಯಾಯಿತಾ?

ಗಡಿಯಾರ ಕೆಟ್ಟಿಲ್ಲ, ರಿಪೇರಿ ಮಾಡಿಸಲು ಓಡಬೇಡಿ. ಹಿಂಭಾಗದಲ್ಲೋ ಒಳಗಡೆಯೋ 50/60 ಅಂತ ಒಂದು ಸ್ವಿಚ್ ಕೆಲವಕ್ಕೆ ಇರುತ್ತದೆ, ಹುಡುಕಿ. ಇಲ್ಲದಿದ್ದರೆ ಬೇರೆ ಗಡಿಯಾರ ತನ್ನಿ. ಮುಖ್ಯವಾಗಿ, 60ಕ್ಕೆ ಮಾತ್ರ ಮಾಡಿದ ಮೋಟಾರು ಸಾಮಾನು ತಂದಿದ್ದರೆ ಹಾಗೆ ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸಬೇಡಿ. ವೋಲ್ಟೇಜ್ ಸರಿಯಿದ್ದರೂ ಬಿಸಿಯಾಗುತ್ತದೆ.

ಇನ್ನೊಂದು ತಮಾಷೆ ಹೇಳುತ್ತೇನೆ. ಜಪಾನ್ ಒಂದೇ ದೇಶ, ಆದರೆ ಪೂರ್ವಕ್ಕೆ 50, ಪಶ್ಚಿಮಕ್ಕೆ 60. 1890ರ ದಶಕದಲ್ಲಿ ಟೋಕಿಯೊದವರು ಜರ್ಮನಿಯಿಂದ ಜನರೇಟರ್ ತರಿಸಿದರು, ಒಸಾಕಾದವರು ಅಮೆರಿಕದಿಂದ. ಇವತ್ತಿಗೂ ಸರಿಹೋಗಿಲ್ಲ. ಅಲ್ಲಿ ಇಂಥ ಗಡಿಯಾರ ಹಾಳಾಗಲು ವಿಮಾನ ಹತ್ತಬೇಕಾಗಿಲ್ಲ.

ಇಲ್ಲೇ ಇದ್ದವಳು | ಮರುದಿನ ಮಧ್ಯಾಹ್ನ

ಅಣ್ಣ ಅಂತಲೇ ಕರೆಯುತ್ತೇನೆ, ತಪ್ಪು ತಿಳಿಯಬೇಡಿ. ನಾನು ನಿಮ್ಮ ತಂಗಿಯಲ್ಲ. ಆದರೆ ಓದುತ್ತಾ ಓದುತ್ತಾ ಎರಡು ಸಲ ಫೋನ್ ಕೆಳಗಿಟ್ಟೆ.

ಆ ರಬ್ಬರ್ ಬ್ಯಾಂಡ್‌ಗಳು ಎಷ್ಟಿದ್ದವು ಅಂತ ನೋಡಿದಿರಾ? ಎಲ್ಲಾ ಸ್ಟ್ರಿಪ್‌ಗೂ ಒಂದೊಂದೇ ಇತ್ತಾ, ಅಥವಾ ಕೆಲವಕ್ಕೆ ಎರಡಾ? ನಿಮ್ಮ ತಂದೆಗೆ ಕಣ್ಣು ಮಂಜು ಅಂತ ನೀವೇ ಬರೆದಿದ್ದೀರಿ. ಅವರು ಪೆಟ್ಟಿಗೆಯ ಮೇಲಿನ ಅಕ್ಷರ ಓದಲಾರರು. ಬೆರಳಿಗೆ ಒಂದು ಸುತ್ತು ಸಿಕ್ಕರೆ ಬೆಳಿಗ್ಗೆಯದು, ಎರಡು ಸಿಕ್ಕರೆ ರಾತ್ರಿಯದು. ನಾನು ನನ್ನ ಅಮ್ಮನಿಗೆ ದಾರ ಕಟ್ಟುತ್ತೇನೆ, ಒಂದು ಗಂಟು, ಎರಡು ಗಂಟು. ನಿಮ್ಮ ತಂಗಿಯದು ರಬ್ಬರ್ ಬ್ಯಾಂಡ್ ಇರಬಹುದು. ನಾನು ಊಹೆ ಮಾಡುತ್ತಿದ್ದೇನೆ, ಹೋಗಿ ಕೇಳಿ. ಕಲಸಿಕೊಂಡು ಬಿದ್ದಿದ್ದವು ಅಂತ ನಿಮಗೆ ಕಂಡದ್ದು ಒಂದು ಲೆಕ್ಕ ಇರಬಹುದು.

ನನ್ನ ಅಣ್ಣನೂ 9 ವರ್ಷದ ಮೇಲೆ ಬಂದ. ಬಂದ ವಾರವೇ ಅಮ್ಮನ ಮಂಚದ ದಿಕ್ಕು ಬದಲಿಸಿದ, ಗಾಳಿ ಬರುತ್ತದೆ ಅಂತ. ಅಮ್ಮ ರಾತ್ರಿ ಎದ್ದು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ಆ ಗೋಡೆ ಈಗ ಇನ್ನೊಂದು ಪಕ್ಕಕ್ಕೆ ಹೋಯಿತು. ನಾನು ಹೇಳಿದರೆ, "ನೀನು ಎಲ್ಲದಕ್ಕೂ ಬೇಡ ಅಂತೀಯ" ಅಂದ. ಅವನು ಕೆಟ್ಟವನಲ್ಲ. ತಿಂಗಳು ತಿಂಗಳು ದುಡ್ಡು ಕಳಿಸಿದ್ದಾನೆ, ಒಂದು ತಿಂಗಳೂ ತಪ್ಪಿಸಿಲ್ಲ. ಆ ದುಡ್ಡಿಲ್ಲದಿದ್ದರೆ ಅಮ್ಮನ ಆಪರೇಷನ್ ಆಗುತ್ತಿರಲಿಲ್ಲ. ಅದನ್ನು ನಾನು ಯಾವತ್ತೂ ಮರೆತಿಲ್ಲ. ಆದರೆ ಆಪರೇಷನ್ ಮುಗಿದ ಮೇಲೆ ಆರು ವಾರ ಅವಳ ಪಕ್ಕದಲ್ಲಿ ಮಲಗಿದವಳು ನಾನು. ಒಂದು ರಾತ್ರಿ ಅವಳು ನನ್ನನ್ನು ಅವಳ ಅಕ್ಕ ಅಂದುಕೊಂಡು ಬೆಳಗಿನ ತನಕ ಬೈದಳು. ಇದನ್ನು ಫೋನಿನಲ್ಲಿ ಯಾರಿಗೆ ಹೇಳಲಿ? "ಹೇಗಿದ್ದಾಳೆ ಅಮ್ಮ?" ಅಂತ ಅಣ್ಣ ಕೇಳುತ್ತಿದ್ದ. "ಆರಾಮ" ಅನ್ನುತ್ತಿದ್ದೆ. ಅಷ್ಟು ದೂರದಲ್ಲಿ ಇರುವವನಿಗೆ ಇನ್ನೇನು ಹೇಳೋದು. ಹೇಳಿದರೆ ಅವನಿಗೆ ನಿದ್ದೆ ಇಲ್ಲ, ನನಗೂ ಸಹಾಯ ಇಲ್ಲ.

ವಾಪಸ್ ಬಂದ ಮೇಲೆ ಅಣ್ಣನಿಗೆ ಎಲ್ಲರೂ ಕೇಳಿದರು: ಅಲ್ಲಿ ಹೇಗಿತ್ತು, ಚಳಿ ಎಷ್ಟು, ಕೆಲಸ ಹೇಗೆ. ಫೋಟೋ ನೋಡಿದರು. ನಾನೂ ನೋಡಿದೆ, ಖುಷಿಯಾಯಿತು. ನನ್ನ 9 ವರ್ಷ ಹೇಗಿತ್ತು ಅಂತ ಒಬ್ಬರೂ ಕೇಳಲಿಲ್ಲ. ಯಾಕೆ ಕೇಳುತ್ತಾರೆ, ನಾನು ಎಲ್ಲಿಗೂ ಹೋಗಿಲ್ಲವಲ್ಲ.

ಕೋಪದಲ್ಲಿ ಬರೆಯಬಾರದು ಅಂದುಕೊಂಡೆ. ಬರೆದುಬಿಟ್ಟೆ.

ಎರಡು ಸಲ ಬಂದವಳು | ಮರುದಿನ ಸಂಜೆ

ಇದನ್ನೇ ನಾನು ಕಾಯುತ್ತಿದ್ದೆ. ಧನ್ಯವಾದ ತಂಗಿ.

ಆಲ್ಫ್ರೆಡ್ ಶುಟ್ಜ್ ಅಂತ ಒಬ್ಬ ಸಮಾಜಶಾಸ್ತ್ರಜ್ಞ 1945ರಲ್ಲಿ, ಯುದ್ಧ ಮುಗಿಸಿ ಮನೆಗೆ ಬರುವ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಪ್ರಬಂಧ ಬರೆದ. ಅವನೂ ದೇಶ ಬಿಟ್ಟವನೇ, ಆಸ್ಟ್ರಿಯಾದಿಂದ ಅಮೆರಿಕಕ್ಕೆ ಬಂದಿದ್ದ. ಅವನು ಹೇಳುವುದು ಇಷ್ಟು. ಹೊಸ ಊರಿಗೆ ಹೋಗುವವನಿಗೆ ಏನೂ ಗೊತ್ತಿಲ್ಲ ಅಂತ ಅವನಿಗೇ ಗೊತ್ತಿರುತ್ತದೆ, ಹಾಗಾಗಿ ಕೇಳಿಕೊಂಡು ಕಲಿಯುತ್ತಾನೆ. ಮನೆಗೆ ಬರುವವನಿಗೆ ಎಲ್ಲ ಗೊತ್ತು ಅನ್ನಿಸಿರುತ್ತದೆ, ಅವನು ಕೇಳುವುದೇ ಇಲ್ಲ. ಮನೆ ಅವನ ನೆನಪಿನಲ್ಲಿ ನಿಂತಲ್ಲೇ ನಿಂತಿರುತ್ತದೆ. ಮನೆಯವರ ನೆನಪಿನಲ್ಲಿ ಅವನೂ ಹಾಗೇ.

ಹೊರದೇಶಕ್ಕೆ ಹೋದ ಮೊದಲ ವಾರ ನಾವು ಬಸ್ಸು ಹೇಗೆ ಹತ್ತೋದು ಅಂತ ಸಣ್ಣ ಹುಡುಗನ ಹತ್ತಿರವೂ ಕೇಳುತ್ತೇವೆ. ನಾಚಿಕೆ ಆಗಲ್ಲ. ಸ್ವಂತ ಮನೆಯಲ್ಲಿ "ಈ ಡಬ್ಬಿ ಯಾಕೆ ಹೀಗಿದೆ?" ಅಂತ ಕೇಳೋದಕ್ಕೆ ಮಾತ್ರ ನಮಗೆ ತೋಚುವುದಿಲ್ಲ. ನಾನೂ ಮಾಡಿದ್ದೇನೆ. ನನ್ನದು ಡಬ್ಬಿ ಅಲ್ಲ, ಬಾಗಿಲಿನ ಚಿಲಕ. ಆ ಕಥೆ ಇನ್ನೊಮ್ಮೆ.

ಮೇಜಿನ ಆ ಕಡೆ | 2 ದಿನದ ನಂತರ

ಕೆಲಸದ ವಿಷಯ ಯಾರೂ ಮುಟ್ಟಲಿಲ್ಲ, ನಾನು ಹೇಳುತ್ತೇನೆ. ಕೆಲಸಕ್ಕೆ ಜನ ತೆಗೆದುಕೊಳ್ಳುವ ಕಡೆ ಕೂತು ಬಹಳ ವರ್ಷವಾಯಿತು. ವಾಪಸ್ ಬಂದವರನ್ನು ತುಂಬಾ ನೋಡಿದ್ದೇನೆ.

ಅವರಿಗೆ ತೊಂದರೆ ಕೊಡುವ ಮಾತು ಒಂದೇ. "ಅಲ್ಲಿ ನಾವು ಹೀಗೆ ಮಾಡುತ್ತಿದ್ದೆವು." ಹೇಳುವವರಿಗೆ ಅದು ಬರೀ ಮಾಹಿತಿ. ಕೇಳುವವರ ಕಿವಿಗೆ "ನೀವು ಮಾಡುತ್ತಿರುವುದು ಸರಿಯಿಲ್ಲ" ಅಂತ ಬೀಳುತ್ತದೆ. ನಮ್ಮಲ್ಲಿ ಒಬ್ಬರು ಬಂದಿದ್ದರು, ಕೆಲಸದಲ್ಲಿ ಹುಲಿ. ಹುಡುಗರು ಮೀಟಿಂಗಿನಲ್ಲಿ ಅವರು ಎಷ್ಟು ಸಲ "ಅಲ್ಲಿ" ಅನ್ನುತ್ತಾರೆ ಅಂತ ಪುಸ್ತಕದ ಮೂಲೆಯಲ್ಲಿ ಗೀಟು ಹಾಕುತ್ತಿದ್ದರು. ಒಂದು ದಿನ 17 ಆಯಿತು. ಅವರಿಗೆ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಅದು ನನ್ನ ತಪ್ಪೇ.

ಅದೇ ವಿಷಯವನ್ನು "ಅಲ್ಲಿ" ತೆಗೆದು ಹೇಳಿ ನೋಡಿ. "ಒಂದು ವಾರ ಹೀಗೆ ಮಾಡಿ ನೋಡೋಣವಾ?" ಅಷ್ಟೇ. ಯಾರೂ ಗೀಟು ಹಾಕಲ್ಲ.

ಮೆಟ್ಟಿಲ ಹತ್ತಿರದ ಮಾತಿನ ಬಗ್ಗೆ. ನಿಮ್ಮನ್ನು ಬೇಕಂತ ಹೊರಗಿಟ್ಟಿರಲಿಕ್ಕಿಲ್ಲ. 11 ವರ್ಷ ಜೊತೆಗಿದ್ದವರಿಗೆ ಮೆಟ್ಟಿಲ ಹತ್ತಿರ ಯಾರು ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಗೊತ್ತಿರುತ್ತದೆ. ನಿಮಗೆ ಗೊತ್ತಿಲ್ಲ. ಮೀಟಿಂಗಿಗೆ ಮೊದಲು ಇಬ್ಬರನ್ನು ಸುಮ್ನೆ ಹೋಗಿ ಮಾತಾಡಿಸಿ. "ಇದರಲ್ಲಿ ನಿಮಗೆ ಏನು ಅನ್ನಿಸುತ್ತದೆ?" ಅಂತ ಕೇಳಿ. ಮೊದಮೊದಲು ನಾಟಕ ಅನ್ನಿಸುತ್ತದೆ. ಹಾಗಂತ ನಿಮ್ಮ "ಯಾರು, ಯಾವಾಗ" ಪ್ರಶ್ನೆ ಬಿಡಬೇಡಿ. ಅದು ಒಳ್ಳೇ ಪ್ರಶ್ನೆ. ಮೀಟಿಂಗ್ ಮುಗಿದ ಮೇಲೆ ನಾಲ್ಕು ಸಾಲಿನ ಮೇಲ್ ಬರೆದು ಕೇಳಿ. ಕೋಣೆಯಲ್ಲಿ ಕೇಳಿದರೆ ಸವಾಲು, ಮೇಲ್‌ನಲ್ಲಿ ಕೇಳಿದರೆ ನೆನಪೋಲೆ.

ಒಂದು ಮೆಟ್ಟಿಲು ಕೆಳಗೆ ಸೇರಿದ್ದು ಬುದ್ಧಿವಂತಿಕೆ ಅಂತ ನನಗನ್ನಿಸುತ್ತದೆ. ಮೇಲೆ ಸೇರಿದವರಿಗೆ ತಪ್ಪು ಮಾಡಿ ಕಲಿಯೋಕೆ ಯಾರೂ ಸಮಯ ಕೊಡಲ್ಲ.

ಲೆಕ್ಕದ ಪುಸ್ತಕ | 2 ದಿನದ ನಂತರ

ಎಲ್ಲರೂ ಮನಸ್ಸಿನ ಮಾತಾಡಿದಿರಿ, ನಾನು ಕಾಗದದ ಮಾತಾಡುತ್ತೇನೆ. 5 ತಿಂಗಳು ಅಂದರೆ ಇನ್ನೂ ತಡವಾಗಿಲ್ಲ.

ತೆರಿಗೆಗೆ ಬಹಳ ದೇಶಗಳಲ್ಲಿ 183 ದಿನದ ಲೆಕ್ಕ ಇದೆ. ಅರ್ಧ ವರ್ಷಕ್ಕಿಂತ ಜಾಸ್ತಿ ಎಲ್ಲಿದ್ದಿರೋ ಅಲ್ಲಿಯವರು. ಆದರೆ ವರ್ಷದ ನಡುವೆ ಬಂದವರನ್ನು ಎರಡೂ ದೇಶ "ನಮ್ಮವರು" ಅನ್ನಬಹುದು. ಆಗ ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದ ನೋಡಬೇಕು. ಅದರಲ್ಲಿ ಸಾಮಾನ್ಯವಾಗಿ ಮೊದಲ ಪ್ರಶ್ನೆ, ನಿಮ್ಮ ಕಾಯಂ ಮನೆ ಎಲ್ಲಿದೆ? ಎರಡೂ ಕಡೆ ಇದ್ದರೆ, ನಿಮ್ಮ ಕುಟುಂಬ, ಹಣಕಾಸು, ಬದುಕು ಯಾವ ಕಡೆ ಹೆಚ್ಚು ಅಂಟಿಕೊಂಡಿದೆ? ಅಲ್ಲೂ ತೀರ್ಮಾನ ಆಗದಿದ್ದರೆ ಎಲ್ಲಿ ವಾಡಿಕೆಯಾಗಿ ಇರುತ್ತೀರಿ, ಆಮೇಲೆ ಪೌರತ್ವ ಯಾವುದು. ನೆಂಟರು ಕೇಳುವ ಪ್ರಶ್ನೆಯನ್ನೇ ತೆರಿಗೆಯವರೂ ಕೇಳುತ್ತಾರೆ, ಫಾರಂ ಕೊಟ್ಟು ಕೇಳುತ್ತಾರೆ ಅಷ್ಟೇ. ಮಗಳಿಗೆ ಅಮೆರಿಕದ ಪೌರತ್ವ ಇದ್ದರೆ ಇನ್ನೊಂದು ವಿಷಯ. ಆ ದೇಶ ಎಲ್ಲಿದ್ದರೂ ತನ್ನ ಪ್ರಜೆಗಳ ಆದಾಯದ ಲೆಕ್ಕ ಕೇಳುತ್ತದೆ.

ಅಲ್ಲಿಯ ಬ್ಯಾಂಕ್ ಖಾತೆ ಅವಸರದಲ್ಲಿ ಮುಚ್ಚಬೇಡಿ. ತೆರಿಗೆ ವಾಪಸಾತಿ, ಮನೆಯ ಠೇವಣಿ, ಕೊನೆಯ ಸಂಬಳದ ಚೂರು, ಇವೆಲ್ಲ ನಿಧಾನಕ್ಕೆ ಬರುತ್ತವೆ. ಮೊಬೈಲ್ ನಂಬರ್ ಬಿಡುವ ಮೊದಲು ಯಾವ ಯಾವ ಖಾತೆಯ ಓಟಿಪಿ ಅದಕ್ಕೆ ಬರುತ್ತದೆ ಅಂತ ಪಟ್ಟಿ ಮಾಡಿ. ಇದೊಂದರಲ್ಲಿ ನಾನೇ ಸಿಕ್ಕಿಹಾಕಿಕೊಂಡು ಮೂರು ತಿಂಗಳು ಒದ್ದಾಡಿದೆ.

ಪಿಂಚಣಿ ಕೇಳಿದಿರಾ? ಅಲ್ಲಿ ಕಟ್ಟಿದ ವರ್ಷಗಳನ್ನು ಇಲ್ಲಿಯ ವರ್ಷಗಳ ಜೊತೆ ಸೇರಿಸಿ ಎಣಿಸುವ ಒಪ್ಪಂದ ಕೆಲವು ದೇಶಗಳ ನಡುವೆ ಇರುತ್ತದೆ. ಒಪ್ಪಂದ ಇದ್ದರೆ, ಕಟ್ಟಿದ್ದನ್ನು ವಾಪಸ್ ತೆಗೆದುಕೊಳ್ಳುವ ಮೊದಲು ಎರಡು ಸಲ ಯೋಚಿಸಿ. ಮಗಳ ಲಸಿಕೆ ಪುಸ್ತಕ, ಶಾಲೆಯ ಅಂಕಪಟ್ಟಿ ಈಗಲೇ ತರಿಸಿಕೊಳ್ಳಿ. ಜನನ ಪ್ರಮಾಣಪತ್ರದಂಥದ್ದಕ್ಕೆ ಅಪೊಸ್ಟಿಲ್ ಮುದ್ರೆ (ಕಾಗದ ಅಸಲಿ ಅಂತ ಬೇರೆ ದೇಶಕ್ಕೆ ತೋರಿಸುವ ಸರ್ಕಾರಿ ದೃಢೀಕರಣ) ಹಾಕಿಸಿಡಿ. 1961ರ ಹೇಗ್ ಒಪ್ಪಂದದ ಪ್ರಕಾರ 120ಕ್ಕೂ ಹೆಚ್ಚು ದೇಶಗಳು ಅದನ್ನು ಒಪ್ಪುತ್ತವೆ. ಆದರೆ ಯಾವ ದೇಶದ ಕಾಗದವೋ ಆ ದೇಶವೇ ಅದನ್ನು ಹಾಕಬೇಕು. ಇಲ್ಲಿ ಕೂತು ಹಾಕಿಸೋಕೆ ಆಗಲ್ಲ.

ಹಿಂದಿನ ಬೆಂಚು | 3 ದಿನದ ನಂತರ

ನನಗೀಗ 26. ನಿಮ್ಮ ಮಗಳ ಜಾಗದಲ್ಲಿ ನಾನಿದ್ದೆ. ನನ್ನನ್ನು 10ನೇ ವಯಸ್ಸಿನಲ್ಲಿ ವಾಪಸ್ ಕರೆದುಕೊಂಡು ಬಂದರು. "ವಾಪಸ್" ಅನ್ನುವ ಮಾತೇ ನನಗೆ ಅರ್ಥವಾಗಿರಲಿಲ್ಲ. ನಾನು ಹುಟ್ಟಿದ್ದು ಅಲ್ಲಿ. ನನ್ನ ಪಾಲಿಗೆ ನಾನು ಮನೆ ಬಿಟ್ಟು ಹೊರದೇಶಕ್ಕೆ ಬಂದಿದ್ದೆ. ಅಪ್ಪ ಅಮ್ಮ ಮಾತ್ರ "ನಮ್ಮ ಮನೆಗೆ ಬಂದ್ವಿ" ಅಂತ ಖುಷಿಯಲ್ಲಿದ್ದರು. ನಿಮ್ಮ ಮಗಳ ಮುಂದೆ ಆ ಮಾತು ಆಡುವಾಗ ಸ್ವಲ್ಪ ನೋಡಿಕೊಳ್ಳಿ ಅಂಕಲ್.

ಭಾಷೆ ಬಗ್ಗೆ ಹೆದರಬೇಡಿ. ನೀವು ಅಲ್ಲಿ ಮನೆಯಲ್ಲಿ ನಿಮ್ಮ ಭಾಷೆ ಮಾತಾಡಿದ್ದರೆ ಅದು ಅವಳ ಕಿವಿಯಲ್ಲಿ ಇದೆ, ನಾಲಿಗೆಗೆ ಬಂದಿಲ್ಲ ಅಷ್ಟೇ. ನಾನು ಕಾಲೇಜಿನಲ್ಲಿ ಭಾಷಾವಿಜ್ಞಾನ ಓದಿದೆ, ಅಲ್ಲಿ ಒಂದು ಸಂಶೋಧನೆ ನೋಡಿ ಬೆರಗಾದೆ. ಕೊರಿಯಾದಲ್ಲಿ ಹುಟ್ಟಿ ಕೂಸಾಗಿದ್ದಾಗಲೇ ನೆದರ್ಲೆಂಡ್ಸ್‌ಗೆ ದತ್ತು ಹೋದವರು ಇದ್ದಾರೆ. ಅವರಿಗೆ ಕೊರಿಯನ್ ಒಂದು ಪದವೂ ನೆನಪಿಲ್ಲ. ದೊಡ್ಡವರಾದ ಮೇಲೆ ಅವರಿಗೆ ಆ ಭಾಷೆಯ ಕಷ್ಟದ ಧ್ವನಿಗಳನ್ನು ಹೇಳಿಕೊಟ್ಟರೆ, ಮಾಮೂಲಿ ಡಚ್ಚರಿಗಿಂತ ಚೆನ್ನಾಗಿ ಉಚ್ಚರಿಸಿದರು. ಆರು ತಿಂಗಳು ತುಂಬುವ ಮೊದಲೇ ಹೋದವರೂ ಅದರಲ್ಲಿದ್ದರು. 2017ರಲ್ಲಿ ಬಂದ ಅಧ್ಯಯನ. ಆರು ತಿಂಗಳ ಕೂಸಿಗೇ ಅಷ್ಟು ಉಳಿದರೆ ನಿಮ್ಮ ಮಗಳದ್ದು 9 ವರ್ಷ.

ನಗುವುದನ್ನು ಮಾತ್ರ ನಿಲ್ಲಿಸಿ. ಪ್ರೀತಿಯ ನಗುವೂ ಬೇಡ. ನನಗೂ ಹಾಗೇ ನಕ್ಕರು, ಒಂದು ವರ್ಷ ಮನೆಗೆ ಯಾರು ಬಂದರೂ ಮಂಚದ ಕೆಳಗೆ ಹೋಗುತ್ತಿದ್ದೆ. ನನ್ನನ್ನು ಹೊರಗೆ ತಂದವಳು ಅಜ್ಜಿ. ಅವಳಿಗೆ ಫೋನಿನಲ್ಲಿ ಫೋಟೋ ಕಳಿಸುವುದು ಬರುತ್ತಿರಲಿಲ್ಲ. ನನ್ನ ಹತ್ತಿರ ಹೇಳಿಸಿಕೊಂಡಳು, ದಿನಕ್ಕೆ ಹತ್ತು ಸಲ. ಬೇಕಂತಲೇ ಮರೆಯುತ್ತಿದ್ದಳಾ ಅಂತ ಈಗ ಅನುಮಾನ. ಹೇಳಿಕೊಡುವವರನ್ನು ನೋಡಿ ಯಾರೂ ನಗಲ್ಲ ಅಲ್ವಾ.

ಜೊತೆಗೆ ಬಂದವಳು | 3 ದಿನದ ನಂತರ

ಒಂದು ಪ್ರಶ್ನೆ ಸರ್. "ಹೆಂಡತಿ ಮತ್ತು ಮಗಳ ಜೊತೆ ಬಂದೆ" ಅಂತ ಬರೆದಿರಿ. ಆಫೀಸು ಬಂತು, ಮಗಳು ಬಂದಳು, ತಂಗಿ ಬಂದಳು, ಗಡಿಯಾರವೂ ಬಂತು. ಹೆಂಡತಿ ಮೊದಲ ಸಾಲಿನ ನಂತರ ಕಾಣಲೇ ಇಲ್ಲ. ಅವರು ಹೇಗಿದ್ದಾರೆ? ಅವರಿಗೆ ಅಲ್ಲಿ ಕೆಲಸ ಇತ್ತಾ?

ಪೆಟ್ಟಿಗೆ ಬಿಚ್ಚದವ | 4 ದಿನದ ನಂತರ

ಎಲ್ಲರಿಗೂ ನಮಸ್ಕಾರ. ನಾಲ್ಕು ದಿನ ಸುಮ್ಮನಿದ್ದದ್ದಕ್ಕೆ ಕ್ಷಮಿಸಿ.

ಮೊದಲು ಕೊನೆಯ ಪ್ರಶ್ನೆ. ಹೌದು, ಕೆಲಸ ಇತ್ತು. ನನಗಿಂತ ಚೆನ್ನಾಗಿಯೇ ಇತ್ತು. ನಿಮ್ಮ ಬರಹವನ್ನು ಅವಳಿಗೆ ತೋರಿಸಿದೆ. ಓದಿ, "ಯಾರಿದು, ನಂಬರ್ ಇದೆಯಾ?" ಅಂದಳು. ಆಮೇಲೆ ರಾತ್ರಿ ಒಂದು ಗಂಟೆಯ ತನಕ ಮಾತಾಡಿದೆವು. ಇಲ್ಲಿ ಬರೆಯುವಂಥದ್ದಲ್ಲ. ಅಷ್ಟು ಹೇಳುತ್ತೇನೆ, ನಾನು "ಇಬ್ಬರೂ ಒಪ್ಪಿ ಬಂದೆವು" ಅಂದುಕೊಂಡದ್ದು ಪೂರ್ತಿ ನಿಜವಲ್ಲ. ಅವಳು ಮುಂದಿನ ತಿಂಗಳಿನಿಂದ ಮನೆಯಿಂದಲೇ ಹಳೇ ಕಂಪನಿಗೆ ಅರ್ಧ ದಿನ ಕೆಲಸ ಮಾಡುವ ಮಾತು ನಡೆದಿದೆ. ಎರಡು ವಾರದಿಂದ ನಡೆದಿದ್ದರೂ ನನಗೆ ಇದು ಗೊತ್ತಿರಲಿಲ್ಲ.

ತಂಗಿಯ ಮನೆಗೆ ಹೋದೆ. ಪೀಠಿಕೆ ಹಾಕಲು ಬರಲಿಲ್ಲ, "ರಬ್ಬರ್ ಬ್ಯಾಂಡ್ ಒಂದಾ ಎರಡಾ?" ಅಂತ ಕೇಳಿದೆ. ಅವಳು ನನ್ನನ್ನೇ ನೋಡಿದಳು. "ಬೆಳಿಗ್ಗೆಗೆ ಒಂದು, ರಾತ್ರಿಗೆ ಎರಡು, ಮಧ್ಯಾಹ್ನದ್ದಕ್ಕೆ ಇಲ್ಲ" ಅಂದಳು. ಆಮೇಲೆ, "ಮೊದಲು ಬಣ್ಣದ ಚೀಟಿ ಅಂಟಿಸಿದ್ದೆ. ಎರಡು ವರ್ಷ ಅದೇ ನಡೀತು. ಆಮೇಲೆ ಅಪ್ಪನಿಗೆ ಕೆಂಪು, ಹಸಿರು ಎರಡೂ ಒಂದೇ ಆಯಿತು" ಅಂದಳು.

ಅಪ್ಪನಿಗೆ ಬಣ್ಣ ಕಾಣುವುದು ನಿಂತ ವರ್ಷ ಯಾವುದು ಅಂತ ನನಗೆ ಗೊತ್ತಿರಲಿಲ್ಲ. ಅದೇ ವರ್ಷ ನಾನು ಅವರಿಗೆ ದೊಡ್ಡ ಟೀವಿ ಕಳಿಸಿದ್ದೆ.

"ಇಲ್ಲೇ ಇದ್ದವಳು" ಹೇಳಿದ ಪ್ರಶ್ನೆಯನ್ನೂ ಕೇಳಿದೆ, ನನಗೆ ಬಂದ ಹಾಗೆ. "ಈ 11 ವರ್ಷ ನಿನಗೆ ಹೇಗಿತ್ತು?" ಅವಳಿಗೆ ಕೋಪ ಬಂತು. "ಈಗ ಕೇಳಿದರೆ ಎಲ್ಲಿಂದ ಶುರು ಮಾಡಲಿ?" ಅಂತ ಎದ್ದು ಒಳಗೆ ಹೋದಳು. ನಾನು ಕೂತೇ ಇದ್ದೆ. ಸುಮಾರು ಹೊತ್ತಾದ ಮೇಲೆ ಬಂದು ಒಂದು ಫೈಲ್ ಎದುರಿಗಿಟ್ಟಳು. ಅಪ್ಪನ ರಿಪೋರ್ಟ್‌ಗಳು, ತಾರೀಖಿನ ಪ್ರಕಾರ ಜೋಡಿಸಿದ್ದು. ಪ್ರತಿ ರಿಪೋರ್ಟಿನ ಹಿಂದೆ ಪೆನ್ಸಿಲ್‌ನಲ್ಲಿ ಅವತ್ತು ಏನಾಯಿತು ಅಂತ ಒಂದೆರಡು ಸಾಲು. ಒಂದರ ಹಿಂದೆ "ಅಣ್ಣನಿಗೆ ಹೇಳಿಲ್ಲ" ಅಂತಿತ್ತು. ಇನ್ನೊಂದರ ಹಿಂದೆಯೂ ಅದೇ ಇತ್ತು. ಎಷ್ಟಿವೆ ಅಂತ ಎಣಿಸಲಿಲ್ಲ.

ನಾವು ಸರಿಹೋದೆವು ಅಂತ ಹೇಳಲಾರೆ. ಸದ್ಯಕ್ಕೆ ವಾರಕ್ಕೆ ಎರಡು ದಿನ ಮಾತ್ರೆಯ ಕೆಲಸ ನನ್ನದು, ಅವಳ ಡಬ್ಬಿಯಲ್ಲೇ, ಅವಳ ಲೆಕ್ಕದಲ್ಲೇ. ರಬ್ಬರ್ ಬ್ಯಾಂಡ್ ಹೊಸದು ತಂದೆ. ಅದು ತುಂಬಾ ಬಿಗಿ, ಮಾತ್ರೆ ಪುಡಿಯಾಗುತ್ತದೆ ಅಂತ ಬೈಸಿಕೊಂಡೆ.

ಇಲ್ಲೇ ಇದ್ದವಳು | 4 ದಿನದ ನಂತರ

ಬೈದರಾ? ಹಾಗಾದರೆ ಪರವಾಗಿಲ್ಲ ಅಣ್ಣ.

ಎರಡು ಸಲ ಬಂದವಳು | 5 ದಿನದ ನಂತರ

ಗಡಿಯಾರದ ಕಥೆ ಏನಾಯಿತು? ನನಗೆ ಅದೇ ತಲೆಯಲ್ಲಿ ಓಡುತ್ತಿದೆ. ನಾವೆಲ್ಲ ಆ ಗಡಿಯಾರದ ಹಾಗೇ ಅಲ್ವಾ, ಯಾವುದೋ ಊರಿನ ಅಲೆ ಎಣಿಸಿಕೊಂಡು...

ತಂತಿ ಮಾಮ | 5 ದಿನದ ನಂತರ

ಅಮ್ಮಾ, ಅದಕ್ಕೆ ತತ್ವ ಹಚ್ಚಬೇಡಿ. ಸ್ವಿಚ್ ಇತ್ತಾ ಇಲ್ಲವಾ, ಅದು ಹೇಳಲಿ.

ಪೆಟ್ಟಿಗೆ ಬಿಚ್ಚದವ | 5 ದಿನದ ನಂತರ

ಸ್ವಿಚ್ ಇಲ್ಲ ಮಾಮ. ಹೊಸದು ತರುತ್ತೇನೆ ಅಂದೆ, ಮಗಳು ಬೇಡ ಅಂದಳು. ನೀವು ಬರೆದದ್ದನ್ನು ಅವಳಿಗೆ ವಿವರಿಸಿದ್ದೇ ತಪ್ಪಾಯಿತು. ಈಗ ರಾತ್ರಿ ಮಲಗುವಾಗ ಸರಿ ಮಾಡಿಡುತ್ತಾಳೆ, ಬೆಳಿಗ್ಗೆ ಎದ್ದು ಅದು ಎಷ್ಟು ತೋರಿಸುತ್ತದೆ ನೋಡಿ, ನಿಜವಾಗಿ ಎಷ್ಟಾಗಿದೆ ಅಂತ ಬೆರಳಲ್ಲಿ ಲೆಕ್ಕ ಹಾಕುತ್ತಾಳೆ. ಗಡಿಯಾರದ ಒಂದು ಗಂಟೆ ಅಂದರೆ ನಮ್ಮ 72 ನಿಮಿಷ ಅಂತ ಕಂಡುಹಿಡಿದಿದ್ದಾಳೆ. ಇವತ್ತು ಬೆಳಿಗ್ಗೆ ಅದನ್ನು ಅಜ್ಜಿಗೆ ಹೇಳಿಕೊಡುತ್ತಿದ್ದಳು. ಅಜ್ಜಿಗೆ ಅರ್ಥವಾಗಲಿಲ್ಲ, "ಇನ್ನೊಂದು ಸಲ ಹೇಳು" ಅಂದರು. ಇವಳು ಹೇಳಿದಳು, ಮುರುಕು ಮುರುಕಾಗಿ, ನಮ್ಮ ಮಾತಿನಲ್ಲೇ.

ತಂತಿ ಮಾಮ | 5 ದಿನದ ನಂತರ

ಲೆಕ್ಕ ಸರಿಯಿದೆ, 72. ಶಭಾಷ್ ಅನ್ನಿ ಅವಳಿಗೆ.

ಆದರೆ ಹಗಲು ಹೊತ್ತು ಪ್ಲಗ್ ತೆಗೆದಿಡಿ. ಆ ಟ್ರಾನ್ಸ್‌ಫಾರ್ಮರ್ ಮೇಲೆ ಕೈ ಇಟ್ಟು ನೋಡಿ, ಬಿಸಿ ಇರುತ್ತದೆ. ಹಾಸಿಗೆ ಪಕ್ಕ ಬೇರೆ ಇದೆ. ಮೇಲೆ ಬಟ್ಟೆ ಗಿಟ್ಟೆ ಬೀಳದ ಹಾಗೆ ನೋಡಿಕೊಳ್ಳಿ.